ಬಾಗಿಲು ಮುಚ್ಚಿ ಬೆಳಕು ಹುಡುಕಿದವರು

ನಾನು ಇಪ್ಪತ್ತು ಅಡಿ ಉದ್ದದ ಕಬ್ಬಿಣದ ಕಂಟೇನರು. ಹುಟ್ಟಿದ್ದು ಚೀನಾದ ಕಾರ್ಖಾನೆಯೊಂದರಲ್ಲಿ. ಅಂದೇ ಹುಟ್ಟಿದ ಒಡಹುಟ್ಟುಗಳು ಇನ್ನೂರು. ಅಷ್ಟು ಮಂದಿಗೆ ಹೆಸರಿಡುವ ತಾಳ್ಮೆ ಯಾರಿಗಿದೆ? ಬೆನ್ನಿಗೆ ನಂಬರು ಬರೆದು ಹಡಗು ಹತ್ತಿಸಿದರು.

ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ನಾನು ದೇಶ ಸುತ್ತಿದ್ದು ಬಾಗಿಲು ಹಾಕಿಕೊಂಡು. ಸಿಂಗಾಪುರ, ಕೊಲಂಬೊ, ಸೂಯೆಜ್ ಕಾಲುವೆ ದಾಟಿ ಇಟಲಿ, ಮತ್ತೆ ವಾಪಸು. ಕಂಡದ್ದೇನು? ಮೇಲೆ ಕೂತವನ ತಳ, ಕೆಳಗಿದ್ದವನ ತಲೆ. ಆಟಿಕೆ ಹೊತ್ತೆ, ಟೈಲ್ಸ್ ಹೊತ್ತೆ, ಗೋಡಂಬಿ ಹೊತ್ತೆ. ಸಾಕಾಗಿಹೋಯಿತು.

ನನ್ನನ್ನು ಒಳಹೊಕ್ಕು ನೋಡಿದವರು ಒಬ್ಬರೇ, ಪಣಂಬೂರು ಬಂದರಿನ ವಾಮನ ಕರ್ಕೇರ. ಕಾಫಿ ತುಂಬುವ ಮೊದಲು ಕಂಟೇನರು ಪರೀಕ್ಷಿಸುವುದು ಅವರ ಕೆಲಸ. ಅದಕ್ಕೆ ಯಂತ್ರಗಿಂತ್ರವೇನಿಲ್ಲ. ಅವರು ಒಳಗೆ ಹೋಗುತ್ತಾರೆ, ಜೊತೆಗಾರ ಝುಬೈರ್ ಹೊರಗಿನಿಂದ ಬಾಗಿಲು ಮುಚ್ಚುತ್ತಾನೆ. ಕತ್ತಲಲ್ಲಿ ಎಲ್ಲಿಂದ ಬೆಳಕು ಕಾಣುತ್ತದೋ ಅಲ್ಲಿ ತೂತು. ಬೆಳಕು ಬಂದಲ್ಲಿ ನೀರೂ ಬರುತ್ತದೆ. ಬೆವರು ಸುರಿಸುತ್ತ ನಾಲ್ಕೂ ಮೂಲೆ ನೋಡಿ, "ತೆಗಿ ಮಾರಾಯ, ಎಂತ ಇಲ್ಲ" ಎಂದರೆ ಮುಗಿಯಿತು. ಅವರ ಮಾತಿಗೆ ಎದುರಿರಲಿಲ್ಲ.

ವರ್ಷ ಕಳೆದಂತೆ ಅವರು ಒಳಗೆ ನಿಲ್ಲುವ ಹೊತ್ತು ಹೆಚ್ಚಿತು. ಒಬ್ಬರೇ ಇದ್ದಾಗ ಕಣ್ಣುಜ್ಜಿಕೊಂಡು, "ಪೊರೆ ಪೂರಾ ಮುಚ್ಚಿತು. ಗೊತ್ತಾದರೆ ಮನೆಗೆ ಕಳಿಸ್ತಾರೆ" ಎಂದು ಗೊಣಗಿದ್ದನ್ನು ನಾನು ಕೇಳಿದ್ದೇನೆ. ಕೊನೆಯ ಸಲ ಕಾಫಿ ತುಂಬುವ ದಿನ ನನ್ನ ಮಾಡಿನಲ್ಲಿ ತುಕ್ಕು ತಿಂದು ಮೆಣಸಿನ ಕಾಳಿನಷ್ಟು ತೂತಾಗಿತ್ತು. ಬಿಸಿಲು ನೇರ ಅವರ ಹೆಗಲಿಗೇ ಬಿತ್ತು. ಅವರು ಹೆಗಲು ಸವರಿಕೊಂಡು, ಮೇಲೆ ನೋಡಿ, "ಎಂತ ಇಲ್ಲ" ಎಂದರು. ನನಗೆ ಬಾಯಿಲ್ಲದ್ದಕ್ಕೆ ಅಂದಿನಷ್ಟು ಎಂದೂ ಸಂಕಟಪಟ್ಟಿಲ್ಲ.

ಆ ಸಲ ಕೆಂಪು ಸಮುದ್ರದಲ್ಲಿ ಗಲಾಟೆಯೆಂದು ಹಡಗು ಇಡೀ ಆಫ್ರಿಕಾವನ್ನು ಸುತ್ತಿ ಹೋಯಿತು. ದಿನ ಮುಗಿಯದು, ಅಲೆ ಮುಗಿಯದು. ಇಟಲಿಯಲ್ಲಿ ಬಾಗಿಲು ತೆರೆದಾಗ ಕಾಫಿಯೆಲ್ಲ ಬೂಷ್ಟು. ಅಲ್ಲಿನವರು ತೂತಿನ ಸುತ್ತ ಹಳದಿ ಬಣ್ಣ ಬಳಿದು ನನ್ನನ್ನು ಹಿಂದಕ್ಕೆ ಅಟ್ಟಿದರು. ಪಣಂಬೂರಿಗೆ ಬಂದಾಗ ವಾಮನರ ಕೆಲಸ ಹೋಗಿತ್ತು. ತೂತು ದಾರಿಯಲ್ಲಿ ಆದದ್ದೆಂದು ಅವರು ದೇವರಾಣೆ ಹಾಕಿದ್ದರಂತೆ. ನಂಬಿದವನು ಝುಬೈರ್ ಒಬ್ಬನೇ. ಅದಕ್ಕಾಗಿ ಊರೆಲ್ಲ ಜಗಳವಾಡಿದ್ದನಂತೆ.

ಈಗ ನಾನು ಬೈಕಂಪಾಡಿಯ ಗುಜರಿಯಲ್ಲಿದ್ದೇನೆ. ನಿನ್ನೆ ಮಧ್ಯಾಹ್ನ ಇಬ್ಬರೂ ಬಂದರು. ವಾಮನರ ಕಣ್ಣಿನ ಆಪರೇಶನ್ ಆಗಿದೆ, ಕಪ್ಪು ಕನ್ನಡಕ.

"ಬಾಗಿಲು ಹಾಕು."

"ಬೇಡ ವಾಮನಣ್ಣ, ಒಳಗೆ ಬೆಂದು ಹೋಗ್ತೀರಿ."

"ಹಾಕು ಮಾರಾಯ."

ಕತ್ತಲಲ್ಲಿ ಕನ್ನಡಕ ತೆಗೆದರು. ಹಳೆಯ ಜಾಗದಲ್ಲೇ ನಿಂತರು. ಬಿಸಿಲು ಹೆಗಲಿಗೆ ಬಿತ್ತು. ಕೈ ತಾನಾಗಿ ಅಲ್ಲಿಗೆ ಹೋಯಿತು, ಅಲ್ಲೇ ನಿಂತಿತು. ತಲೆಯೆತ್ತಿ ತೂತನ್ನು ನೋಡಿದರು.

ಹೊರಗೆ ಬಂದು ಹೇಳಿದರು: "ಅವತ್ತೂ ಇದೇ ಬಿಸಿ ತಾಗಿತ್ತು ಝುಬೈರ್. ಸೆಕೆಗೆ ಅಂತ ಗ್ರಹಿಸಿದೆ. ತೂತು ಇತ್ತು. ನನಗೆ ಕಾಣಲಿಲ್ಲ. ನಿನ್ನನ್ನೂ ಸುಳ್ಳ ಮಾಡಿದೆ."

ಝುಬೈರ್ ಅವರ ಕೈ ಹಿಡಿದುಕೊಂಡ. ವಾಮನರು ಇನ್ನೊಂದು ಕೈಯಿಂದ ನನ್ನ ಪಕ್ಕೆ ತಟ್ಟಿದರು. ಇಷ್ಟು ಸಮುದ್ರ ದಾಟಿದ ನನ್ನನ್ನು ಹಾಗೆ ತಟ್ಟಿದವರು ಬೇರಾರೂ ಇಲ್ಲ.

ನಾಳೆ ನನ್ನನ್ನು ಕತ್ತರಿಸುತ್ತಾರಂತೆ. ಕತ್ತರಿಸಲಿ, ದಣಿದಿದ್ದೇನೆ. ಹೋಗುವಾಗ ಅವರು ಬಾಗಿಲು ಮುಚ್ಚಲಿಲ್ಲ. ಒಳಗೆಲ್ಲ ಬೆಳಕಿದೆ.