ಬರಣಿಯೊಳಗಿನ ಶೇಂಗಾ ಹುಳು

೧
ಎಲ್ಲಿಂದ ಶುರು ಮಾಡಲಿ? ಸಮುದ್ರದಿಂದ ಅಂದರೆ, ನಾನು ಕೂತಿರುವುದು ಇಳಕಲ್ಲಿನಲ್ಲಿ. ‘ಕಾರವಾರದ ಅಲೆಗಳು ಮೊರೆಯುತ್ತಿದ್ದವು’ ಎಂದು ಬರೆದೆ. ಥೂ! ಹೊಡೆದು ಹಾಕಿದೆ.

೨
ಸೀದಾ ಹೇಳುತ್ತೇನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶಿವಗಂಗಾ ಏಳು ತಿಂಗಳ ಬಸುರಿ. ವಿದ್ಯಾರ್ಥಿಗಳಿಗೆ ತೋರಿಸಲು ಕಾರವಾರದ ಗೆಳತಿಯಿಂದ ಜೀವಂತ ಕಡಲಹುಳು ಒಂದನ್ನು ತರಿಸಿದ್ದಾಳೆ, ಸಮುದ್ರದ ನೀರಿನ ಸಮೇತ, ಗಾಜಿನ ಬರಣಿಯಲ್ಲಿ. ಮುಟ್ಟಿದರೆ ಸಾಕು, ಸಪೂರ ಮೂತಿಯನ್ನು ಕಾಲುಚೀಲದ ತುದಿಯಂತೆ ಒಳಕ್ಕೆಳೆದುಕೊಂಡು ಥೇಟ್ ಶೇಂಗಾಕಾಯಿಯಾಗುತ್ತದೆ. ಹೆಸರೂ ಶೇಂಗಾ ಹುಳು.

(ಮರಳು, ಕೆಸರು, ಬಂಡೆಯ ಸಂದು, ಖಾಲಿ ಶಂಖ, ಎಲ್ಲೆಂದರಲ್ಲಿ ಇರುತ್ತದೆ. ಜಗತ್ತಿನ ಎಲ್ಲ ಸಮುದ್ರಗಳಲ್ಲೂ ಇದೆ, ದಂಡೆಯಿಂದ ಆಳದ ಕತ್ತಲೆಯವರೆಗೆ. ಸಿಹಿನೀರಲ್ಲಿ ಮಾತ್ರ ಬದುಕುವುದಿಲ್ಲ. ಇದನ್ನು ನೆನಪಿಡಿ, ಮಾರಾಯ್ರೆ.)

೩
ಶಿವಗಂಗಾಳ ಅತ್ತೆ ಸಿದ್ದಲಿಂಗವ್ವ. ಬೆಳಿಗ್ಗೆ ಎದ್ದು ಮನೆಯ ನಿನ್ನಿನ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬುವುದು ಆಕೆಯ ಪದ್ಧತಿ. ಕೊಡ, ತಂಬಿಗೆ, ಹಂಡೆ ಮುಗಿದವು. ಇವತ್ತು ಬರಣಿಯನ್ನೂ ಬಿಡಲಿಲ್ಲ. ವಾಸನೆ ಹಿಡಿದ ನೀರು ಚೆಲ್ಲಿ, ನಳದ ಸಿಹಿನೀರು ತುಂಬಿದಳು. ಹುಳು ಉಬ್ಬಿತು. ಆಮೇಲೆ ಅಲುಗಲಿಲ್ಲ.

“ಯವ್ವಾ, ಯಾಕ ಹಂಗ ಮಾಡಿದಿ?” ಎಂದು ಬರೆಯುತ್ತಿದ್ದ ನಾನೇ ಕೇಳಿಬಿಟ್ಟೆ.

“ಕುಡಿಯೋ ನೀರ ಹಾಕೇನೋ ತಮ್ಮಾ, ಇಸಾ ಹಾಕಿಲ್ಲ! ಬಸರಿ ಇರೋ ಮನ್ಯಾಗ ಇರಿವಿ ಸೈತ ಹೊಸಕಬಾರದು ಅಂತ ಎಲ್ಲಾರಿಗೂ ಹೇಳಾಕಿ ನಾ. ಈಗ ನನ್ನ ಕೈಲೇ...” ಆಕೆ ಬರಣಿಯನ್ನು ಅಲುಗಿಸಿ ನೋಡಿದಳು. “ಕೂಸಿಗೇನರ ಆದ್ರ?”

೪
(ಈ ಭಾಗದ ಹಾಳೆ ಹರಿದು ಹಾಕಿದ್ದೇನೆ. ಅದರಲ್ಲಿ ಆಕೆ ಅಡುಗೆಮನೆಯಲ್ಲಿ ಸುಮ್ಮನೆ ಅಳುತ್ತಿದ್ದಳು. ಈಗ ಬರಣಿ ಹಿಡಿದುಕೊಂಡು ನನ್ನ ಟೇಬಲ್ಲಿಗೇ ಬಂದಿದ್ದಾಳೆ.)

೫
“ಮುಟಗಿ ಉಪ್ಪು ಹಾಕೀನಿ. ಬರಿಯಾಂವ ನೀ ಅದೀಯಲ್ಲ, ಬದಕೇತಿ ಅಂತ ಬರಿ.”

“ಕಥಿ ಅಷ್ಟ ನನ್ನ ಕೈಯಾಗೈತಿ ಯವ್ವಾ, ಹುಳದ ಜೀವ ಅಲ್ಲ.”

“ಹಂಗಾರ ನನ್ನ ಮನಿಗ್ಯಾಕ ತಂದಿ ಅದನ್ನ?”

ಮೊದಲ ಡ್ರಾಫ್ಟಿನಲ್ಲಿ ಸೊಸೆ ಬಸುರಿಯಾಗಿರಲಿಲ್ಲ. ಕಥೆ ಸಪ್ಪೆ ಎನಿಸಿ ಏಳು ತಿಂಗಳು ಸೇರಿಸಿದೆ. ಬುದ್ಧಿವಂತಿಕೆ ನೋಡಿ ನನ್ನದು! ಈಗ ನನಗೇ ಹೆದರಿಕೆ.

ಅಂತ್ಯ ಒಂದು: ಉಪ್ಪುನೀರಿನಲ್ಲಿ ಹುಳು ಮೆಲ್ಲಗೆ ಮೂತಿ ಚಾಚುತ್ತದೆ. (ನಾನೇ ನಂಬುವುದಿಲ್ಲ.)

ಅಂತ್ಯ ಎರಡು: ಬೇಡ.

ಪೀಕಲಾಟ ಏನೆಂದರೆ, ಹೆದರಿ ಮೂತಿ ಒಳಗೆಳೆದುಕೊಂಡ ಹುಳುವೂ ಸತ್ತ ಹುಳುವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಕಾಯಬೇಕು, ಅಷ್ಟೇ. ಸಿದ್ದಲಿಂಗವ್ವ ಬರಣಿಗೆ ಮುಚ್ಚಳ ಹಾಕಿ, ತೊಡೆಯ ಮೇಲಿಟ್ಟುಕೊಂಡು ಕೂತಳು.

೬
ಒಳಕೋಣೆಯಿಂದ ಶಿವಗಂಗಾ ಕೂಗಿದಳು: “ಅತ್ತೀ... ಲಗೂನ ಬರ್ರಿ ಇಲ್ಲೆ.”

ಈ ಸಾಲು ನಾನು ಬರೆದದ್ದಲ್ಲ, ದೇವರಾಣೆ.

ಸಿದ್ದಲಿಂಗವ್ವ ಏಳಲಿಲ್ಲ. ಏಳಲು ಆಕೆಗೆ ಧೈರ್ಯವಿಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದು, “ಮುಂದ ಬರೀಬ್ಯಾಡೋ ತಮ್ಮಾ, ನಿನ್ನ ಕಾಲಿಗೆ ಬೀಳ್ತೇನಿ,” ಅಂದಳು.

ಆಯ್ತು ಅಂದೆ. ಪೆನ್ನು ಕೆಳಗಿಟ್ಟೆ.

ಶಿವಗಂಗಾ ಮತ್ತೆ ಕೂಗಿದಳು.