ಮೂಗಿಗೆ ಹತ್ತಿ

ಹಿತ್ತಿಲ ಕಲ್ಲಿನ ಮೇಲೆ ಕೂತು ಮುಖ ತೊಳೆಯುತ್ತಿದ್ದ ತಿಮ್ಮಮ್ಮ ಚೊಂಬನ್ನು ಅಲ್ಲೇ ಬಿಟ್ಟು, ಒದ್ದೆ ಮುಖದಲ್ಲೇ ಬೀದಿ ಬಾಗಿಲಿಗೆ ಓಡಿದಳು. ಹೊರಗೆ ಶಾಮಣ್ಣ ಯಾರನ್ನೋ ಪಿಸುಮಾತಿನಲ್ಲಿ ಹತ್ತಿ ಕೇಳಿದ್ದ. ಮಿಲ್ಲಿನ ಮಗ್ಗಗಳ ಸದ್ದಿನ ನಡುವೆ ಆಯುಷ್ಯವೆಲ್ಲ ಮೇಸ್ತ್ರಿಗಿರಿ ಮಾಡಿದ ಶಾಮಣ್ಣನ ಪಿಸುಮಾತು ಎಂದರೆ ಹಿಂದಿನ ಲೈನ್ ಮನೆಗಳವರಿಗೂ ಕೇಳುವಂಥದ್ದು.

ಶಾಮಿಯಾನದ ಕೆಳಗೆ ಬೆಂಚಿನ ಮೇಲೆ ಅವಳ ಗಂಡ ನಿಂಗಯ್ಯ ಮಲಗಿದ್ದ. ಬೆಳಗಿನ ಜಾವ ತೀರಿಹೋದವನಿಗೆ ಗಲ್ಲಕ್ಕೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿದಾಗಿತ್ತು. ತಲೆಯ ಬಳಿ ನಿಂತ ಶಾಮಣ್ಣ ನೀಲಿ ಕಾಗದದ ಸುರುಳಿಯಿಂದ ಹತ್ತಿ ಕಿತ್ತು ಬೆರಳಲ್ಲಿ ಉಂಡೆ ಕಟ್ಟುತ್ತಿದ್ದ.

“ಹತ್ತಿ ಬ್ಯಾಡ ಶಾಮಣ್ಣ,” ಎಂದಳು ತಿಮ್ಮಮ್ಮ.

“ಏನವ್ವಾ ಅಂದೆ?”

“ಮೂಗಿಗೆ ಹತ್ತಿ ಇಡ್ಬ್ಯಾಡಿ. ಅವ್ರೇ ಹೇಳ್ಬುಟ್ಟು ಹೋಗವ್ರೆ. ನಾನು ಆಣೆ ಮಾಡಿವ್ನಿ.”

ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಷಾಢದ ಗಾಳಿಗೆ ಶಾಮಿಯಾನ ಪಟಪಟನೆ ಹೊಡೆದುಕೊಂಡಿತು.

“ಎಲ್ಲಾದ್ರೂ ಕಂಡಿದ್ದೀಯಾ ತಿಮ್ಮಮ್ಮ ಇಂಥದ್ದ? ಈ ಲೈನಲ್ಲಿ ಹೋದೋರಿಗೆಲ್ಲಾ ನಾನೇ ಇಟ್ಟಿರೋದು. ನಿಮ್ಮತ್ತೆಗೂ ನಾನೇ ಇಟ್ಟೆ. ಮೂಗು ಅಂಗೇ ಬುಟ್ರೆ ಗಾಳಿ ಸೇರ್ಕತದೆ ಕಣವ್ವ. ಆಮೇಲೆ ಲೈನಿನೋರೆಲ್ಲಾ ಅನುಭವಿಸ್ಬೇಕಾಯ್ತದೆ.”

ಪಕ್ಕದ ಮನೆಯ ಬಸಮ್ಮ ಬಂದು ಅವಳ ತೋಳು ಹಿಡಿದಳು. “ಬಾ ತಿಮ್ಮಕ್ಕ, ಮೊದ್ಲು ಸೀರೆ ಬದ್ಲಾಯ್ಸು. ದುಃಖದಲ್ಲಿ ಏನೇನೋ ಬಾಯಿಗೆ ಬತ್ತದೆ.”

ಒಳಗೆ ಹೋದರೆ ಇಟ್ಟೇಬಿಡುತ್ತಾರೆ ಎಂದು ತಿಮ್ಮಮ್ಮನಿಗೆ ಹೆದರಿಕೆ. ಕುವೆಂಪುನಗರದಿಂದ ಗಂಡನ ಸ್ಕೂಟರಿನ ಹಿಂದೆ ಕೂತು ಬಂದು, ಆಗಿನಿಂದ ಅಪ್ಪನ ಕಾಲ ಬಳಿಯೇ ಕುಕ್ಕರಿಸಿದ್ದ ಮಗಳು ಸುಷ್ಮಿತಾಳ ಭುಜ ಅಲುಗಿಸಿದಳು. “ನೀನು ಇಲ್ಲೇ ಇರು. ಯಾರ್ಗೂ ಇಡಕ್ಕೆ ಬುಡ್ಬೇಡ.”

“ಆಯ್ತು ಹೋಗವ್ವ,” ಎಂದಳು ಸುಷ್ಮಿತಾ.

*

ಊರಿನ ಬೇರೆ ಕಡೆಯವರಿಗೆ ಚಾಮುಂಡಿ ಬೆಟ್ಟ ಬಾಗಿಲು ತೆಗೆದರೆ ಕಾಣುತ್ತದೆ. ಬಡಗಣ ಅಂಚಿನ ಈ ಮಿಲ್ ಲೈನಿನವರಿಗೆ ಅದು ಕಾಣತೊಡಗಿದ್ದೇ ಮಿಲ್ ನಿಂತ ಮೇಲೆ. ಅಲ್ಲಿಯವರೆಗೆ ಗಾಳಿಯ ತುಂಬ ಹತ್ತಿಯ ನಯವಾದ ಧೂಳು ತೇಲುತ್ತಿತ್ತು. ತುಳಸಿ ಗಿಡ ಬೆಳ್ಳಗೆ, ಒಣಹಾಕಿದ ಸಂಡಿಗೆಯ ಮೇಲೆ ಬಿಳಿ ನೂಲು, ಕಾಗೆಯ ಗೂಡು ಕೂಡ ಮೆತ್ತಗೆ ಬೆಳ್ಳಗೆ. ಮೈಸೂರಿನ ತಂಪು ಹವೆ ಎಂದು ಊರವರು ಹೇಳಿಕೊಳ್ಳುವುದು ಇವರಿಗೆ ಬೇರೆ ಯಾವುದೋ ಊರಿನ ಸುದ್ದಿಯಂತಿತ್ತು. ಇಲ್ಲಿ ಎರಡೇ ಬಗೆಯ ಹವೆ. ಮಿಲ್ ಓಡುವ ದಿನದ್ದೊಂದು, ರಜದ ದಿನದ್ದೊಂದು.

ಪಾಳಿ ಮುಗಿಸಿ ಬರುತ್ತಿದ್ದ ನಿಂಗಯ್ಯನನ್ನು ಕಂಡು ಪುಟ್ಟ ಸುಷ್ಮಿತಾ, “ಅಪ್ಪ ತಾತ ಆಗ್ಬುಟ್ಟ” ಎಂದು ಕುಣಿಯುತ್ತಿದ್ದಳು. ಅವನ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿರುತ್ತಿದ್ದವು. ಅವನು ಬ್ಲೋ ರೂಮಿನ ಆಳು. ಬಿಗಿದು ಕಟ್ಟಿದ ಹತ್ತಿಯ ಬೇಲನ್ನು ಒಡೆದು, ಬಿಡಿಸಿ, ಯಂತ್ರಕ್ಕೆ ಉಣಿಸುವ ಕೆಲಸ. ಮಿಲ್ಲಿನಲ್ಲಿ ಅಲ್ಲಿಗಿಂತ ಹೆಚ್ಚು ಧೂಳು ಇನ್ನೆಲ್ಲೂ ಇರಲಿಲ್ಲ.

ಭಾನುವಾರ ಮಿಲ್ಲಿಗೆ ರಜ. ಸೋಮವಾರ ಕೆಲಸಕ್ಕೆ ಹೋದರೆ ಬ್ಲೋ ರೂಮಿನವರ ಎದೆ ಹಗ್ಗ ಹಾಕಿದಂತೆ ಬಿಗಿಯುತ್ತಿತ್ತು. ವಾರ ಕಳೆಯುತ್ತ ತಾನಾಗಿ ಸಡಿಲವಾಗುತ್ತಿತ್ತು. ಇದನ್ನು ನೋಡಿ ನೋಡಿ ಅವರೆಲ್ಲ ಒಂದು ತೀರ್ಮಾನಕ್ಕೆ ಬಂದಿದ್ದರು: ಮೈಗೆ ಒಗ್ಗದಿರುವುದು ಹತ್ತಿಯಲ್ಲ, ರಜ. ಆದ್ದರಿಂದ ನಿಂಗಯ್ಯ ಭಾನುವಾರವೂ ಸುಮ್ಮನಿರುತ್ತಿರಲಿಲ್ಲ. ಊಟ ಮಾಡಿ ಹೋಗಿ ಬ್ಲೋ ರೂಮಿನ ಕಿಟಕಿಯ ಕೆಳಗೆ, ವಾರದ ಧೂಳೆಲ್ಲ ಬಂದು ಬಿದ್ದಿರುವ ಕಡೆ ಕೂರುತ್ತಿದ್ದ. ಜೊತೆಗೆ ಅದೇ ರೂಮಿನ ರೇವಣಸಿದ್ದ. ಇಬ್ಬರ ಜೇಬಿನಲ್ಲೂ ಒಂದೊಂದು ಅಚ್ಚು ಬೆಲ್ಲ. ಬೆಲ್ಲ ಚೀಪಿದರೆ ಗಂಟಲ ಹತ್ತಿ ಇಳಿಯುತ್ತದೆ ಎಂದು ಎಲ್ಲರ ನಂಬಿಕೆ.

“ರಜ ನಂಗೆ ಆಗ್ಬರಕ್ಕಿಲ್ಲ ಕಣಮ್ಮಿ,” ಎನ್ನುತ್ತಿದ್ದ ಹೆಂಡತಿಗೆ. ಅದೇ ಮಿಲ್ಲಿನ ರೀಲಿಂಗಿನಲ್ಲಿ ನೂಲು ಸುತ್ತುತ್ತಿದ್ದ ತಿಮ್ಮಮ್ಮನೂ ಹೌದೆಂದೇ ನಂಬಿದ್ದಳು. ಎಷ್ಟೋ ಭಾನುವಾರ ಅವಳೇ ಅವನನ್ನು ಹೊರಡಿಸಿ ಕಳಿಸಿದ್ದಳು.

ಮಿಲ್ ಮುಚ್ಚಿದ ಮೇಲೆ ದಿನವೂ ಭಾನುವಾರ. ಉಬ್ಬಸ ಇಳಿಯಲೇ ಇಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು, ಇದು ಹತ್ತಿ ಮಾಡಿದ ಕೆಲಸ, ಇಷ್ಟು ವರ್ಷ ಉಸಿರಲ್ಲಿ ಕುಡಿದಿರುವುದೆಲ್ಲ ಒಳಗೇ ಇದೆ ಎಂದರು. ಬಸ್ಸಿಳಿದು ಮನೆಗೆ ಬಂದ ನಿಂಗಯ್ಯ ಹತ್ತಿಯ ತಲೆದಿಂಬನ್ನು ಎತ್ತಿ ಹೊರಗೆ ಎಸೆದ.

*

“ಬಾಯಿಗೆ ಅಕ್ಕಿ ಹಾಕೋರು ಬರ್ರಪ್ಪಾ,” ಎಂದು ಶಾಮಣ್ಣ ಕೂಗಿದ.

ಸೀರೆ ಬದಲಾಯಿಸಿ ಬಂದ ತಿಮ್ಮಮ್ಮ ಹಿಡಿಯಲ್ಲಿ ಅಕ್ಕಿ ಹಿಡಿದು ಬಾಗಿದಳು. ಗಂಡನ ಮೂಗಿನ ಎರಡೂ ಹೊಳ್ಳೆಗಳಲ್ಲಿ ಹತ್ತಿ ತುಂಬಿತ್ತು. ಒತ್ತಿ ತುಂಬಿದ್ದರಿಂದ ಮೂಗು ಅಗಲವಾಗಿ ಅವನ ಮುಖ ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು. ಅವಳ ಕೈಯ ಅಕ್ಕಿ ಚೆಲ್ಲಿತು.

“ನಾನೇ ಇಡಿ ಅಂದೆ ಅವ್ವ,” ಸುಷ್ಮಿತಾ ಬಿಕ್ಕುತ್ತ ಹೇಳಿದಳು. “ಮೂಗಿಂದ ನೊರೆ ಬಂತು, ಕೆಂಪಗೆ. ಅಪ್ಪ ಮತ್ತೆ ಉಸಿರಾಡಿದ್ರು ಅನ್ಕೊಂಡೆ. ನಂಗೆ ಭಯ ಆಗ್ಬುಡ್ತು ಕಣವ್ವ.”

ತಿಮ್ಮಮ್ಮ ಮಗಳನ್ನು ಬೈಯಲಿಲ್ಲ. ಅಂಥ ಭಯ ಅವಳಿಗೆ ಗೊತ್ತಿತ್ತು.

*

ಹೋದ ಬೇಸಿಗೆಯ ಒಂದು ಮಧ್ಯಾಹ್ನ. ಮಲಗಿದರೆ ಉಸಿರು ಕಟ್ಟುತ್ತದೆಂದು ನಿಂಗಯ್ಯ ಗೋಡೆಗೆ ಒರಗಿಯೇ ನಿದ್ದೆ ಹೋಗಿದ್ದ. ತಿಮ್ಮಮ್ಮ ಸೊಪ್ಪು ಬಿಡಿಸುತ್ತಿದ್ದಳು. ಮನೆಯಲ್ಲಿ ಸದಾ ಕೇಳುತ್ತಿದ್ದ ಅವನ ಎದೆಯ ಸಿಳ್ಳು ಇದ್ದಕ್ಕಿದ್ದಂತೆ ನಿಂತಿತು.

ಲೈನಿನಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಗೊತ್ತಿರುವ ಒಂದು ಕ್ರಮವಿತ್ತು. ಕೂಸು ಅಲ್ಲಾಡದೆ ಮಲಗಿದ್ದರೆ, ಮುದುಕರು ಹೊತ್ತು ಮೀರಿ ಮಲಗಿದ್ದರೆ, ಮೂಗಿನ ಕೆಳಗೆ ಹತ್ತಿಯ ಒಂದು ಎಳೆ ಹಿಡಿದು ನೋಡುವುದು. ಅಲುಗಿದರೆ ಸರಿ. ಹತ್ತಿಗೇನು ಬರವೇ, ಕೈ ಚಾಚಿದ ಕಡೆ ಸಿಗುತ್ತಿತ್ತು. ಸುಷ್ಮಿತಾ ಕೂಸಾಗಿದ್ದಾಗ ತಿಮ್ಮಮ್ಮ ದಿನಕ್ಕೆ ಎಷ್ಟು ಸಲ ಹಿಡಿದಿದ್ದಳೋ. ಆ ಮಧ್ಯಾಹ್ನವೂ ಅವಳ ಕೈ ತಾನಾಗಿ ದೇವರ ಗೂಡಿಗೆ ಹೋಯಿತು. ಬತ್ತಿಯಿಂದ ಎಳೆ ಬಿಡಿಸಿ ಗಂಡನ ಮೂಗಿನ ಕೆಳಗೆ ಹಿಡಿದಳು. ಅಲುಗಲಿಲ್ಲ. ಇನ್ನೂ ಹತ್ತಿರ ತಂದಳು. ಎಳೆ ಸಣ್ಣಗೆ ಅಲುಗಿತು, ಅಷ್ಟರಲ್ಲೇ ಅವನು ಕಣ್ಣು ಬಿಟ್ಟ.

ಅವನಿಗೆ ಕಂಡದ್ದು ಹೆಂಡತಿಯ ಕಣ್ಣೀರು ಮತ್ತು ಮೂಗಿಗೆ ಬರುತ್ತಿರುವ ಹತ್ತಿ. ಅವನು ಗೋಡೆಯುದ್ದಕ್ಕೂ ತೆವಳಿ ಮೂಲೆಗೆ ಸರಿದ. ಕೂಗಲು ಉಸಿರಿರಲಿಲ್ಲ.

“ಇನ್ನೂ ಇವ್ನಿ ಕಣಮ್ಮಿ... ಇನ್ನೂ ಇವ್ನಿ... ಇಡ್ಬ್ಯಾಡ.”

“ಅಯ್ಯೋ, ಉಸ್ರು ನೋಡ್ತಿದ್ದೆ ಅಷ್ಟೇಯ,” ಎಂದು ಅವಳು ಎಷ್ಟು ಹೇಳಿದರೂ ಅವನ ಕಣ್ಣಿನ ದಿಗಿಲು ಇಳಿಯಲಿಲ್ಲ. ಅಂದೇ ಅವಳ ಕೈ ತನ್ನ ತಲೆಯ ಮೇಲೆ ಇರಿಸಿಕೊಂಡು, ಸತ್ತ ಮೇಲೂ ಮೂಗಿಗೆ ಹತ್ತಿ ಇಡಗೊಡುವುದಿಲ್ಲ ಎಂದು ಆಣೆ ಮಾಡಿಸಿಕೊಂಡ. ಅವಳು ಮನೆಯ ಹತ್ತಿಯನ್ನೆಲ್ಲ ಒಲೆಗೆ ಹಾಕಿದಳು. ದೇವರಿಗೂ ಹಳೇ ಪಂಚೆಯ ಬತ್ತಿಯೇ ಆಯಿತು. ಆದರೂ ಆಮೇಲಿನ ದಿನಗಳಲ್ಲಿ ಅವಳು ಹತ್ತಿರ ಬಂದು ಕೂತರೆ ನಿಂಗಯ್ಯ ನಿದ್ದೆ ಮಾಡುತ್ತಿರಲಿಲ್ಲ. ಅಷ್ಟು ಕಾಲ ಜೊತೆಗೆ ಬಾಳಿದವನು ತನ್ನ ಕೈ ಕಂಡರೆ ಹೆದರುತ್ತಾನಲ್ಲ ಎಂದುಕೊಳ್ಳುತ್ತ ಅವಳು ಬಾಗಿಲಾಚೆ ಹೋಗಿ ಕೂರುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

*

ತಿಮ್ಮಮ್ಮ ಕೈ ಮುಂದೆ ಮಾಡಿ ಒಂದು ಉಂಡೆಯನ್ನು ಕಿತ್ತಳು. ಆಮೇಲೆ ಇನ್ನೊಂದನ್ನು. ಮುಂದೆ ಕೂತಿದ್ದ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹಿಂದೆ ಸರಿದರು.

“ಏನ್ ಕೆಲ್ಸ ಮಾಡ್ದೆ ತಿಮ್ಮಮ್ಮ!” ಶಾಮಣ್ಣ ಅರಚಿದ. ಕೋಪ ಮಾಡಿಕೊಂಡಿದ್ದಾನೆ ಎಂದು ಎಲ್ಲರೂ ಅಂದುಕೊಂಡರು, ಆದರೆ ಅವನೂ ಹೆದರಿದ್ದ. “ಸುಡಾದಾಗಿದ್ರೆ ಎಂಗೋ ನಡೀತಿತ್ತು. ನಮ್ದು ಹೂಳಾದು. ಮಣ್ಣು ಎಳೀವಾಗ ಮೂಗಿಗೆ ಮಣ್ಣು ಹೋಯ್ತದಲ್ಲ, ಅದಕ್ಕೇನ್ ಮಾಡೀಯೆ?”

ತಿಮ್ಮಮ್ಮನಿಗೆ ಇದು ಹೊಳೆದೇ ಇರಲಿಲ್ಲ. ಹತ್ತಿಯ ಉಂಡೆಗಳು ಅವಳ ಅಂಗೈಯಲ್ಲಿ ಬೆವರಿಗೆ ಅಂಟಿಕೊಂಡವು. ಹತ್ತಿ ಬೇಡವೆಂದು ಮಣ್ಣು ತುಂಬಿಸಿ ಕಳಿಸುವುದೇ? ಅವಳು ಗಂಡನ ಮುಖ ನೋಡಿದಳು. ತೆರೆದ ಹೊಳ್ಳೆಗಳು ಉತ್ತರಕ್ಕೆ ಕಾದಂತಿದ್ದವು.

ಜನರ ಹಿಂದೆ ಕೆಮ್ಮುತ್ತ ನಿಂತಿದ್ದ ರೇವಣಸಿದ್ದ ಮುಂದೆ ಬಂದ. ಎರಡು ಮಾತಿಗೆ ಒಂದು ಸಲ ಅವನೂ ಉಸಿರು ಎಳೆದುಕೊಳ್ಳಬೇಕಿತ್ತು. “ಎಲೆ ಮುಚ್ಚಾನ ಕಣಕ್ಕ,” ಎಂದು ಅಡಕೆ ಚೀಲದಿಂದ ಎರಡು ಅಗಲವಾದ ವೀಳ್ಯದೆಲೆ ತೆಗೆದು ಪಂಚೆಗೆ ಒರೆಸಿದ. “ಎಲೆ ಮುಚ್ಚಿ, ಮೇಲೊಂದು ಬಟ್ಟೆ ಹಾಕಿದ್ರೆ ಮಣ್ಣು ಹೋಗಲ್ಲ. ಹೂಳೋ ತಂಕ ನಾನು ತಲೆ ತಾವೇ ನಿಂತಿರ್ತೀನಿ. ಶಾಮಣ್ಣ, ನಾಳೆ ನಂಗೂ ಇಂಗೇಯ. ಈಗ್ಲೇ ಹೇಳಿವ್ನಿ.”

ಶಾಮಣ್ಣ ಇಬ್ಬರನ್ನೂ ನೋಡಿದ. ಹತ್ತಿಯ ಸುರುಳಿಯನ್ನು ಒಳಗಿನ ಗೋಡೆಯ ಗೂಡಿನಲ್ಲಿ ತುರುಕಿ ಬಂದು, ಚಟ್ಟ ಎತ್ತಿ ಎಂದ.

*

ಹೆಂಗಸರು ಹೂಳುವ ಕಡೆಗೆ ಹೋಗುವ ಪದ್ಧತಿಯಿಲ್ಲ. ಗಂಡಸರು ವಾಪಸು ಬರುವವರೆಗೂ ತಿಮ್ಮಮ್ಮ ಹೊಸ್ತಿಲ ಬಳಿ ಕೂತಿದ್ದಳು. ಗಾಳಿ ಎಲೆ ಹಾರಿಸಿದ್ದರೆ? ಅಲ್ಲಿ ಶಾಮಣ್ಣ ಯಾರಿಗೂ ಕಾಣದಂತೆ ಮತ್ತೆ ಇಟ್ಟಿದ್ದರೆ? ಹೊತ್ತು ಇಳಿಯುವಾಗ ರೇವಣಸಿದ್ದ ಬಂದು, ಒಳಗೆ ಹಚ್ಚಿಟ್ಟ ದೀಪ ನೋಡಿ, ಅವಳ ಮುಂದೆ ನಿಂತ.

“ಇಟ್ರಾ?”

“ಇಲ್ಲ ಕಣಕ್ಕ. ನಿನ್ನಾಣೆ. ಎಲೆ ಮೇಲೆ ನಾನೇ ಎರಡು ಕೈ ಇಟ್ಕೊಂಡಿದ್ದೆ. ಬಟ್ಟೆ ಹಾಕಿದ್ ಮೇಲೇ ತೆಗೆದೆ. ಅವ್ನ ಅಂಗಿ ಜೇಬಿಗೆ ಒಂದಚ್ಚು ಬೆಲ್ಲನೂ ಹಾಕಿವ್ನಿ.”

ತಿಮ್ಮಮ್ಮ ಆಗ ಅತ್ತಳು. ಬೆಳಗಿನಿಂದ ಅಳಲು ಅವಳಿಗೆ ಪುರಸೊತ್ತೇ ಇರಲಿಲ್ಲ. ಅತ್ತು, ಕೆಮ್ಮಿ, ಮಗಳು ಕೊಟ್ಟ ಕಾಫಿ ಅರ್ಧ ಕುಡಿದು, ನಿಂಗಯ್ಯ ಪ್ರಾಣ ಬಿಟ್ಟ ಜಾಗದಲ್ಲಿ ಪಂಚೆ ಬತ್ತಿಯ ದೀಪದ ಪಕ್ಕ ಚಾಪೆಯ ಮೇಲೆ ಉರುಳಿದಳು. ಈಚೆಗೆ ಅವಳ ಎದೆಯಲ್ಲೂ ಆಗೊಮ್ಮೆ ಈಗೊಮ್ಮೆ ಸಿಳ್ಳು ಏಳುತ್ತಿತ್ತು. ಸುಷ್ಮಿತಾ ಅದನ್ನು ಕೇಳಿಸಿಕೊಳ್ಳುತ್ತ ಗೋಡೆಗೆ ಒರಗಿ ಕೂತಳು. ಮಾತು ಉಳಿಸಿಕೊಂಡ ಸಮಾಧಾನಕ್ಕೆ ತಿಮ್ಮಮ್ಮನ ಮೈ ಸಡಿಲವಾಯಿತು. ಎಷ್ಟೋ ತಿಂಗಳ ನಿದ್ದೆ ಒಟ್ಟಿಗೇ ಬಂತು, ಎದೆಯ ಸಿಳ್ಳೂ ನಿಂತಿತು.

ಮೂಗಿನ ತುದಿಗೆ ನವೆಯಾದಂತಾಗಿ ಎಚ್ಚರವಾಯಿತು. ಇನ್ನೂ ಸಂಜೆಯೇ, ಕಿಟಕಿಯಲ್ಲಿ ಬೆಳಕಿತ್ತು. ಗೂಡಿನಲ್ಲಿದ್ದ ನೀಲಿ ಕಾಗದ ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿತ್ತು. ಮಗಳ ಮುಖ ತೀರ ಹತ್ತಿರದಲ್ಲಿತ್ತು, ಅವಳ ಕಣ್ಣು ತುಂಬಿತ್ತು. ಅವಳ ಎರಡು ಬೆರಳುಗಳ ನಡುವೆ ಹತ್ತಿಯ ಒಂದು ಎಳೆ.

ಎಳೆ ಒಂದು ಸಲ ಅಲುಗಿತು. ಆಮೇಲೆ ಅಲುಗಲಿಲ್ಲ. ತಿಮ್ಮಮ್ಮ ಕಣ್ಣು ಬಿಟ್ಟುಕೊಂಡು, ಉಸಿರು ಬಿಗಿಹಿಡಿದು, ಅದನ್ನೇ ನೋಡುತ್ತಿದ್ದಳು.