ಚೀಟಿಯಲ್ಲಿ ಒಂದು ವರ್ಷ, ಬಾಟಲಿಯಲ್ಲಿ ಹನ್ನೆರಡು

ನಿನ್ಫಾಳಿಗೆ ಮೊದಲು ಅನುಮಾನ ಹುಟ್ಟಿದ್ದು ತನ್ನ ಅಡುಗೆಮನೆಯಲ್ಲೇ. ಕರುವಿನ ಮಾಂಸವನ್ನು ಬೆಣ್ಣೆಯಲ್ಲಿ ಬಾಡಿಸಿ ಮೇಲೆ ಮಾರ್ಸಾಲಾ ವೈನ್ ಸುರಿದಳು. ಪ್ರತಿ ಭಾನುವಾರ ಏಳುತ್ತಿದ್ದ ಕಾಕಂಬಿಯಂಥ ಘಮ ಈ ಸಲ ಏಳಲೇ ಇಲ್ಲ. ಬಂದದ್ದು ಸುಟ್ಟ ಬಾದಾಮಿಯ, ಹಳೇ ಮರದ ವಾಸನೆ. ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದಳು. ಸಿಹಿಯ ಸುಳಿವೇ ಇಲ್ಲ. ನಾಲಿಗೆ ಮೇಲೆ ಕೂತ ರುಚಿ ಮಾತ್ರ ಏಳಲೊಲ್ಲದು.

ಬಾಟಲಿ ತಿರುಗಿಸಿ ಓದಿದಳು. 'ಫೀನೆ. ಅಂಬ್ರಾ. ಸಿಹಿ.' ಆ ಚೀಟಿ ಅಂಟಿಸಿದ್ದು ಅವಳ ಕೈಯೇ. ಯಜಮಾನ ದೋನ್ ಇನ್ಯಾತ್ಸಿಯೋನ ವೈನ್ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಅವಳದು ಅದೇ ಕೆಲಸ. ಚೀಟಿ ಸೊಟ್ಟಗಾದ ಬಾಟಲಿಗಳನ್ನು ಕೆಲಸದವರು ಮನೆಗೊಯ್ಯಬಹುದಿತ್ತು. ಇದೂ ಹಾಗೆ ಬಂದದ್ದು.

ಫೀನೆ ಅಂದರೆ ಮರದಲ್ಲಿ ಒಂದು ವರ್ಷ ಕೂತದ್ದು. ಅಂಬ್ರಾ ಅಂದರೆ ಕುದಿಸಿ ಬತ್ತಿಸಿದ ದ್ರಾಕ್ಷಿರಸ ಬೆರೆಸಿ ಬಣ್ಣ ಬರಿಸಿದ್ದು. ಇದಕ್ಕೆ ಆ ಬೆರಕೆಯ ಸೋಂಕೂ ಇರಲಿಲ್ಲ. ಇದು ವೆರ್ಜಿನೆ. ಬಣ್ಣದ ರಸ ಸೋಕಿಸದೆ ಓಕ್ ಪೀಪಾಯಿಯಲ್ಲಿ ಐದು ವರ್ಷವಾದರೂ ಮಲಗಿಸಿದ್ದು. ಇದರ ಗತ್ತು ನೋಡಿದರೆ ಹತ್ತು ದಾಟಿರಬೇಕು.

ಹಿತ್ತಾಳೆಯನ್ನು ಚಿನ್ನ ಅಂತ ಮಾರುವವರನ್ನು ನಿನ್ಫಾ ಬೇಕಾದಷ್ಟು ಕಂಡಿದ್ದಳು. ಚಿನ್ನವನ್ನು ಹಿತ್ತಾಳೆ ಅಂತ ಮಾರುವವನು ಯಾರು? ಕದ್ದವನೇ ಇರಬೇಕು.

ಹಳೇ ಪೀಪಾಯಿಗಳ ಉಸ್ತುವಾರಿ ಮೇಸ್ತ್ರಿ ಗಾಸ್ಪರೆಯದು. ಸೋಮವಾರ ಅವನು ಅತ್ತ ಹೋದದ್ದೇ ತಡ, ಅವಳು ಒಳಗೆ ನುಗ್ಗಿ ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟಿದಳು. ಹದಿನಾಲ್ಕನೆಯದು ಟೊಳ್ಳು ದನಿ ಕೊಟ್ಟಿತು.

"ಏನಮ್ಮ ನಿನ್ಫಾ, ಪೀಪಾಯಿಗೆ ನಾಡಿ ನೋಡ್ತಿದೀಯಾ?" ಗಾಸ್ಪರೆ ಹಿಂದೆಯೇ ನಿಂತಿದ್ದ.

"ಇದು ಅರ್ಧಕ್ಕರ್ಧ ಖಾಲಿ ಇದೆಯಲ್ಲ, ಮೇಸ್ತ್ರಿ?"

"ಹನ್ನೆರಡು ವರ್ಷ ಆಯ್ತಲ್ಲ, ಆರಿರುತ್ತೆ. ದೇವದೂತರೂ ಒಂದಿಷ್ಟು ಕುಡೀಬೇಡ್ವಾ?"

"ದೇವದೂತರಿಗೆ ಬೀಗದಕೈ ಕೊಟ್ಟೋರು ಯಾರೋ!"

ಅವನ ಮುಖ ಕಪ್ಪಿಟ್ಟಿತು. "ಏನಂದೆ?"

"ಕೇಳಿಸಿದ್ದನ್ನೇ ಅಂದೆ."

ಅವನು ತಿರುಗಿ ಹೊರಟುಹೋದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂದುಕೊಂಡಳು ನಿನ್ಫಾ. ಮಾರನೆಯ ದಿನದಿಂದ ಅವನ ಪ್ರತಿ ಹೆಜ್ಜೆಯ ಮೇಲೂ ಕಣ್ಣಿಟ್ಟಳು. ಅವನು ಕೆಮ್ಮಿದರೆ ಸಂಜ್ಞೆ, ಕೆಮ್ಮದಿದ್ದರೆ ಸಂಚು. ಅಂಥ ಬಾಟಲಿಗಳೆಲ್ಲ ತ್ರಾಪನಿ ಊರಿನ ಒಬ್ಬನೇ ವ್ಯಾಪಾರಿಗೆ ಹೋಗುತ್ತಿದ್ದುದೂ ಗೊತ್ತಾಯಿತು. ಶುಕ್ರವಾರ ನೇರವಾಗಿ ಯಜಮಾನನ ಕೋಣೆಗೆ ಹೋಗಿ ಎಲ್ಲ ಒದರಿದಳು.

ಯಾರು ಕದ್ದರು, ಎಷ್ಟು ಕದ್ದರು ಅಂತ ದೋನ್ ಇನ್ಯಾತ್ಸಿಯೋ ಕೇಳಲಿಲ್ಲ. "ಯಾರ್ಯಾರಿಗೆ ಹೇಳಿದೀಯ?" ಅಂತ ಮಾತ್ರ ಕೇಳಿದ.

"ಯಾರಿಗೂ ಇಲ್ಲ."

"ಒಳ್ಳೇದಾಯ್ತು. ಈಸ್ಟರ್‌ಗೆ ಅಕ್ಕ ಬರ್ತಾಳೆ. ಸುಮ್ನೆ ಅವಳ ತಲೆ ಯಾಕೆ ಕೆಡಿಸ್ಬೇಕು, ಅಲ್ವಾ?" ಎದ್ದು ಬಂದು ತನ್ನ ಕೈಯಾರೆ ಆರು ಬಾಟಲಿಗಳ ಪೆಟ್ಟಿಗೆ ಎತ್ತಿಕೊಟ್ಟ. "ಹಬ್ಬಕ್ಕೆ ಇಟ್ಕೋ."

ಮೇಲಿದ್ದದ್ದು ಅದೇ ಫೀನೆ ಚೀಟಿ. ಮನೆಗೆ ಬಂದು ರುಚಿ ನೋಡಿದಳು. ಒಳಗಿದ್ದದ್ದು ಅದೇ ಹದಿನಾಲ್ಕನೆಯದು.

ಆಗ ಅವಳಿಗೆ ಬೆಳಕಾಯಿತು. ಹಳೇ ಪೀಪಾಯಿಗಳ ಸಾಲಿನಲ್ಲಿ ಅರ್ಧ ಪಾಲು ಅಕ್ಕ ಎಲೆಯೊನೋರಾಳಿಗೆ ಅಂತ ಯಜಮಾನನ ಅಪ್ಪ ಬರೆದಿಟ್ಟು ಸತ್ತಿದ್ದ. ವೆರ್ಜಿನೆ ಅಂತ ಮಾರಿದರೆ ಅವಳಿಗೆ ಪಾಲು ಕೊಡಬೇಕು. ಫೀನೆ ಪೂರ್ತಿ ತಮ್ಮನದೇ ವ್ಯಾಪಾರ; ಒಳಗಿನದು ಗೊತ್ತಿದ್ದ ತ್ರಾಪನಿಯವನು ಗುಟ್ಟಾಗಿ ವೆರ್ಜಿನೆಯ ಬೆಲೆಯನ್ನೇ ಕೊಡುತ್ತಿದ್ದಿರಬೇಕು. ಪೀಪಾಯಿ ಬರಿದಾಗಿದ್ದಕ್ಕೆ 'ಆರಿಹೋಯಿತು' ಅಂದರೆ ಮುಗಿಯಿತು. ಬೀಗದಕೈ ಯಜಮಾನನ ಹತ್ತಿರವೂ ಇತ್ತು. ಅಂದರೆ, ಗಾಸ್ಪರೆಗೆ ಇದರ ಗಂಧಗಾಳಿಯೂ ಇರಲಿಲ್ಲ. ಆದರೂ ಅವಳು ಅವನನ್ನೇ ಕಳ್ಳ ಅಂದಿದ್ದಳು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಎಲೆಯೊನೋರಾ ಪಾಲೆರ್ಮೊದಿಂದ ಬಂದಳು. ವಾಡಿಕೆಯಂತೆ ಚೀಟಿ ಕೋಣೆಯ ಹೆಂಗಸರನ್ನು ಮಾತಾಡಿಸಲು ಇಣುಕಿದಳು. ನಿನ್ಫಾ ಒಂದು ಬಾಟಲಿ ಮುಂದೆ ಹಿಡಿದಳು.

"ಹಬ್ಬದ ಅಡುಗೆಗೆ, ಅಮ್ಮಾವ್ರೇ."

"ಫೀನೆನಾ? ನನ್ ತಮ್ಮನ ಜಿಪುಣತನ ನಿನಗೂ ಅಂಟ್ತೇನೇ?"

"ಪಾತ್ರೆಗೆ ಹಾಕೋ ಮುಂಚೆ ಒಂದ್ ಗುಟುಕು ಕುಡೀರಿ."

"ಯಾಕೆ? ಏನ್ ಬೆರೆಸಿದೀಯ?" ಎಲೆಯೊನೋರಾ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದಳು. "ಮೊದಲು ನೀನು ಕುಡಿ."

ನಿನ್ಫಾ ಕುಡಿದಳು. ಆಮೇಲೆ ಎಲೆಯೊನೋರಾ ಕುಡಿದಳು. ಲೋಟವನ್ನು ಮೂಗಿಗೆ ಹಿಡಿದು ಮತ್ತೆ ಮೂಸಿದಳು.

"ಇದು ಅಪ್ಪಂದು," ಅಂದಳು. "ಎಷ್ಟು ಹೋಯ್ತು?"

"ಅರ್ಧ ಪೀಪಾಯಿ. ನಾನು ಕಂಡಷ್ಟು."

ಆಫೀಸಿನ ಬಾಗಿಲು ಮುಚ್ಚಿಕೊಂಡಿತು. ಅಕ್ಕತಮ್ಮಂದಿರ ಕೂಗಾಟ ಬೀದಿಯವರೆಗೂ ಕೇಳಿಸಿತು. ಕೋರ್ಟು ಕಚೇರಿ ಅಂತ ಯಾರೂ ಹೋಗಲಿಲ್ಲ. ಜೂನ್ ಹೊತ್ತಿಗೆ ಉಳಿದ ಹಳೇ ಪೀಪಾಯಿಗಳೆಲ್ಲ ಉಪ್ಪಿನ ಗದ್ದೆಗಳ ಪಕ್ಕದ ಉಗ್ರಾಣಕ್ಕೆ, ಎಲೆಯೊನೋರಾಳ ಹೆಸರಿಗೆ ಹೋದವು. ನಿನ್ಫಾಳನ್ನೂ ಗಾಸ್ಪರೆಯನ್ನೂ ಅವಳೇ ಕರೆಸಿಕೊಂಡಳು.

ಹೊಸ ಜಾಗದ ಮೊದಲ ದಿನ ನಿನ್ಫಾ ರಿಕೊಟ್ಟಾ ಗಿಣ್ಣು ತುಂಬಿದ ಕಡುಬು ಕರಿದುಕೊಂಡು ಗಾಸ್ಪರೆಯ ಮುಂದೆ ನಿಂತಳು. "ಮೇಸ್ತ್ರಿ, ಬಾಯಿ ತಪ್ಪಿ ಅಂದುಬಿಟ್ಟೆ. ಮನಸ್ಸಲ್ಲಿಟ್ಕೋಬೇಡ."

ಅವನು ಒಂದು ಕಡುಬು ತೆಗೆದುಕೊಂಡು ಪೂರ್ತಿ ತಿಂದ. ಕೈ ಒರೆಸಿಕೊಂಡ. "ಚೆನ್ನಾಗಿದೆ, ನಿನ್ಫಾ ಅವರೇ," ಅಂದ.

ಇಪ್ಪತ್ತೊಂದು ವರ್ಷದಲ್ಲಿ ಅವನ ಬಾಯಲ್ಲಿ 'ಅವರೇ' ಬಂದದ್ದು ಅದೇ ಮೊದಲು. ಆಮೇಲೆ ಯಾವತ್ತೂ ಅದು ತಪ್ಪಲಿಲ್ಲ; 'ಏನಮ್ಮ ನಿನ್ಫಾ' ಅನ್ನುವ ಸಲುಗೆ ಮರಳಲೂ ಇಲ್ಲ.